ಐದನೆಯ ದಿನದ ಚಪ್ಪರ

ಮೂರನೆಯ ಶೀಟು ಕೆಳಗಿಳಿದಾಗ ಒಳಗಿದ್ದ ಕೂಸು ಸೀನಿತು.

ಗೋಡೆಯ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತಿದ್ದ ಭಗವಂತರಾಯ ಕೈ ನಿಲ್ಲಿಸಿದ. ಕೆಳಗೆ ಶೀಟಿನ ಇನ್ನೊಂದು ತುದಿ ಹಿಡಿದಿದ್ದ, ಗಾರೆ ಕೆಲಸದ ಜೊತೆಗಾರ ಮಾನಪ್ಪನೂ ಅಲ್ಲಾಡಲಿಲ್ಲ. ಇಬ್ಬರೂ ಎರಡನೆಯ ಸೀನಿಗೆ ಕಾದರು. ಅದು ಬರಲಿಲ್ಲ. ಒಳಗಿನಿಂದ ಭಗವಂತರಾಯನ ಹೆಂಡತಿ ಸಾಬಮ್ಮನ ದನಿ ಬಂತು.

"ಬಿಸಲು ಕಣ್ಣಿಗಿ ಹೊಡೀಲಾಕತ್ತದ. ಈ ಮೂಲಿ ಶೀಟು ಮುಟ್ಟಬ್ಯಾಡ."

"ಮುಟ್ಟಲ್ಲ. ನಿನ್ನ ತಲಿ ಮ್ಯಾಲಿಂದು ಕಡೀಗಿ ತಗೀತೀನಿ."

"ಮಾನಪ್ಪಣ್ಣ, ಈತನ ಮಾತು ಕೇಳಿ ನೀನೂ ಕುಣೀಲಾಕತ್ತಿ ನೋಡು."

"ನಾ ಬರೇ ಹಿಡಕೊಂಡೀನಿ ತಂಗಿ," ಎಂದ ಮಾನಪ್ಪ.

ಮುಂಭಾಗದ ದೊಡ್ಡ ಮನೆಯಿಂದ ಬಾಣಂತಿಗೆ ಬೆಳ್ಳುಳ್ಳಿ ಸಾರು ತಂದ ಅಕ್ಕಯಮ್ಮ ಹಿತ್ತಲಿನ ತಿರುವಿನಲ್ಲಿ ನಿಂತಳು. ಕೋಣೆ ಇರಬೇಕಾದಲ್ಲಿ ಕೋಣೆಯೇ ಇತ್ತು, ಆದರೆ ಅದರೊಳಗೆ ಸಪೋಟ ಮರದ ಕೊಂಬೆ ಇಳಿಬಿದ್ದಿತ್ತು. ಅದು ಸೂರಿನ ಮೇಲೆ ಒರಗಿಕೊಂಡು ಬೆಳೆದ ಕೊಂಬೆ. ಸೂರು ಹೋದ ಮೇಲೆ ಎಲ್ಲಿರಬೇಕೆಂದು ಅದಕ್ಕೆ ತಿಳಿದಂತಿರಲಿಲ್ಲ.

"ಏಯ್, ಇಳಿಯೋ ಕೆಳಕ್ಕೆ. ಬಾಣಂತಿ ಒಳಗವ್ಳೆ, ನೀನು ಮೇಲೆ ಸೂರು ಕಿತ್ತಾಕ್ತಿದ್ದೀಯ. ತಲೆ ನೆಟ್ಟಗೈತಾ ನಿಂಗೆ?"

"ಸೂರು ಇಲ್ಲಂದ್ರ ಅದು ಮನಿ ಅಲ್ಲರಿ ಅಮ್ಮಾರ," ಭಗವಂತರಾಯ ಇಳಿಯದೆಯೇ ಹೇಳಿದ. "ನಾಳಿ ಇಂಜಿನಿಯರ್ ಬರ್ತಾನ. ಬರೇ ಗ್ವಾಡಿ ಕಂಡ್ರ ಕಂಪೌಂಡ್ ಅಂತ ತಿಳ್ಕೊಂಡು ಹೋಗ್ತಾನ."

ಇದು ಅವನು ಗಾರೆ ಕೆಲಸದಲ್ಲಿ ಕಲಿತ ವಿದ್ಯೆ. ಬಾಣಸವಾಡಿಯ ಕಡೆ ಅವನು ಕೆಲಸ ಮಾಡಿದ ಮನೆಗಳಲ್ಲಿ ಮೇಸ್ತ್ರಿ ಒಂದೇ ಮಾತು ಹೇಳುತ್ತಿದ್ದ: ಮೋಲ್ಡ್ ಬೀಳುವ ತನಕ ಅದು ಮನೆಯಲ್ಲ, ಯಾರೂ ಏನೂ ಕೇಳುವುದಿಲ್ಲ. ಮೇಲೆ ಕಾಂಕ್ರೀಟ್ ಬಿದ್ದ ಮೇಲೆಯೇ ಕಾರ್ಪೊರೇಷನ್ನಿನ ಜೀಪು ಬರುತ್ತದೆ. ಹಾಗಿದ್ದಮೇಲೆ, ಮೇಲಿನದನ್ನು ತೆಗೆದುಬಿಟ್ಟರೆ ಮನೆ ಮತ್ತೆ ಮನೆಯಲ್ಲದ್ದಾಗುತ್ತದೆ ಎಂದು ಅವನು ಲೆಕ್ಕ ಹಾಕಿದ್ದ.

ಅಕ್ಕಯಮ್ಮ ಕಮ್ಮನಹಳ್ಳಿಯ ಈ ಮನೆಯನ್ನು ಮಾರುತ್ತಿದ್ದಳು. ಯಾರ ಒತ್ತಾಯವೂ ಇರಲಿಲ್ಲ. ಅವಳಿಗೆ ಎಮ್ಮೆ ಬೇಕಿತ್ತು. ಮದುವೆಯಾಗಿ ಬಂದಾಗ ಈ ಹಿತ್ತಲಿನಲ್ಲಿ ಆರೇಳು ಎಮ್ಮೆಗಳಿದ್ದವು. ಹಿತ್ತಲಿನಾಚೆ ರಾಗಿ ಹೊಲವಿತ್ತು, ಅದರಾಚೆ ಕೆರೆ. ಹೊಲ ಸೈಟುಗಳಾಯಿತು, ಕೆರೆ ಇನ್ನೇನೋ ಆಯಿತು, ಕೊನೆಯ ಎಮ್ಮೆಯನ್ನು ಗಂಡ ಮುನಿಆಂಜನಪ್ಪ ತೀರಿಕೊಂಡ ವರ್ಷ ಕೊಟ್ಟುಬಿಟ್ಟಳು. ಆಮೇಲೆ ಅವಳಿಗೆ ಬೆಳಗಿನ ಹೊತ್ತು ಏನು ಮಾಡಬೇಕೆಂದು ತಿಳಿಯಲೇ ಇಲ್ಲ. ಹೊಸಕೋಟೆ ದಾಟಿ ನಂದಗುಡಿಯ ಹತ್ತಿರ ಚಿಕ್ಕಮುನಿಯಪ್ಪ ಎಂಬವನ ತೋಟ ನೋಡಿ ಬಂದಿದ್ದಳು. ಬಾವಿಯಿತ್ತು, ಮೇವಿಗೆ ಜಾಗವಿತ್ತು. ಯುಗಾದಿಯವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಡುತ್ತೇನೆ ಎಂದು ಅವನು ಹೇಳಿದ್ದ. ಕೆ.ಆರ್. ಪುರದ ಮಗಳು ಹಂಸ, "ಈ ವಯಸ್ಸಲ್ಲಿ ಎಮ್ಮೆ ಏನಮ್ಮಾ?" ಎಂದು ನಕ್ಕಿದ್ದಳು. "ಇನ್ಯಾವ ವಯಸ್ಸಲ್ಲಿ?" ಎಂದು ಅಕ್ಕಯಮ್ಮ ಕೇಳಿದ್ದಳು.

ಮನೆ ಕೊಳ್ಳುವವನು ಚಾಂದ್ ಪಾಷಾ. ಕಮರ್ಷಿಯಲ್ ಸ್ಟ್ರೀಟಿನ ಪಕ್ಕದ ಓಣಿಯಲ್ಲಿ ಪರದೆ ಬಟ್ಟೆಯ ಅಂಗಡಿ ಇಟ್ಟಿದ್ದ. ಅವನಿಗೆ ಬ್ಯಾಂಕು ಸಾಲ ಕೊಡಬೇಕು. ಬ್ಯಾಂಕಿನ ಇಂಜಿನಿಯರ್ ಅಂಜನಮೂರ್ತಿ ಬಂದು ನೋಡಿ, ಮನೆ ಸರಿಯಿದೆ, ಹಿತ್ತಲು ಸರಿಯಿಲ್ಲ ಎಂದಿದ್ದ. ಮಂಜೂರಾದ ಪ್ಲಾನಿನಲ್ಲಿ ಹಿತ್ತಲು ಖಾಲಿ. ನೆಲದ ಮೇಲೆ ಮಾತ್ರ ಕಲ್ಲುಕಂಬದ ಕೊಟ್ಟಿಗೆ, ಹಂಡೆಯ ಬಚ್ಚಲುಮನೆ, ಶೀಟಿನ ಒಂದು ಕೋಣೆ. ಎಲ್ಲವನ್ನೂ ಮುನಿಆಂಜನಪ್ಪ ಮನಸ್ಸಿಗೆ ಬಂದ ಹಾಗೆ, ಮನಸ್ಸಿಗೆ ಬಂದ ವರ್ಷ ಕಟ್ಟಿದ್ದ. ತನ್ನ ಹೊಲದಲ್ಲಿ ತಾನು ಕೊಟ್ಟಿಗೆ ಕಟ್ಟಲು ಯಾರನ್ನು ಕೇಳಬೇಕು ಎಂಬುದು ಅವನ ಪ್ರಶ್ನೆಯಾಗಿತ್ತು. ಅದು ಹೊಲವಾಗಿ ಉಳಿದಿಲ್ಲ ಎಂಬುದನ್ನು ಅವನು ಕೊನೆಯವರೆಗೂ ಒಪ್ಪಲಿಲ್ಲ.

ಕೊಟ್ಟಿಗೆಯನ್ನೂ ಬಚ್ಚಲನ್ನೂ ಭಗವಂತರಾಯನೇ ಕೆಡವಿದ್ದ. ಉಳಿದದ್ದು ಅವನೂ ಸಾಬಮ್ಮನೂ ಬಾಡಿಗೆಗಿದ್ದ ಶೀಟಿನ ಕೋಣೆ. ಹೆರಿಗೆಗೆ ಇನ್ನೂ ಸಮಯವಿತ್ತು, ಅಷ್ಟರಲ್ಲಿ ಬೇರೆ ಕಡೆ ಹೋಗುವುದೆಂದು ಮಾತಾಗಿತ್ತು. ಆದರೆ ನೋವು ಮುಂಚೆಯೇ ಬಂತು. ಆಟೋ ತರಲು ಭಗವಂತರಾಯ ಮೇನ್ ರೋಡಿಗೆ ಓಡಿದ. ಆಟೋ ಬರುವುದರೊಳಗೆ ಮಗು ಅಕ್ಕಯಮ್ಮನ ಕೈಗೆ ಬಂದಿತ್ತು. ಎಮ್ಮೆಗಳಿಗೆ ಎಷ್ಟೋ ಸಲ ಮಾಡಿದ ಕೆಲಸ, ಮನುಷ್ಯರಿಗೆ ಮೊದಲ ಸಲ. ಡಾಕ್ಟರಮ್ಮ ಬಂದು ನೋಡಿ ಎಲ್ಲ ಸರಿಯಿದೆ ಎಂದು ಹೋದರು. ಇದೆಲ್ಲ ನಡೆದು ಇವತ್ತಿಗೆ ನಾಲ್ಕನೆಯ ದಿನ.

"ನಿಮ್ಮ ಮಾರಾಟ ನಮ್ಮಿಂದ ಕೆಡಬಾರದ್ರಿ," ಭಗವಂತರಾಯ ಗೋಡೆಯ ಮೇಲಿನಿಂದಲೇ ಹೇಳಿದ. ಅವನ ಕಣ್ಣಲ್ಲಿ ನೀರು ಬಂದಂತಿತ್ತು, ಧೂಳೂ ಇರಬಹುದು.

"ಕೆಡಲಿ ಬಿಡಲಿ, ಮೊದಲು ಅವಳನ್ನ ಎಬ್ಬಿಸಿ ದೊಡ್ಡ ಮನೆಗೆ ಕರ್ಕೊಂಡೋಗಾನ. ಹಾಲ್ ಖಾಲಿ ಬಿದ್ದೈತೆ." ಅಕ್ಕಯಮ್ಮ ಬಾಗಿಲಿನ ಒಳಗೆ ತಲೆ ಹಾಕಿದಳು. "ಏಳಮ್ಮಿ. ಮಗೂನ ನಾನು ಎತ್ಕತೀನಿ."

ಸಾಬಮ್ಮ ಏಳಲಿಲ್ಲ. "ಇವತ್ತು ಬ್ಯಾಡ್ರಿ ಅಮ್ಮಾರ. ನಾಳಿ ರಾತ್ರಿ ಕಳೀಲಿ. ನಾಡಿದ್ದು ನೀವು ಎಲ್ಲಿಗಿ ಅಂದ್ರ ಅಲ್ಲಿಗಿ ಬರ್ತೀನಿ."

"ನಾಳೆ ರಾತ್ರಿ ಏನೈತೆ?"

"ಐದನೇ ರಾತ್ರಿ. ಸೆಟಿಗೆವ್ವ ಬರ್ತಾಳ."

ಅಕ್ಕಯಮ್ಮನಿಗೆ ಸೆಟಿಗೆವ್ವ ಗೊತ್ತಿರಲಿಲ್ಲ. ಸಾಬಮ್ಮ ಹೇಳಿದಳು: ಹುಟ್ಟಿದ ಐದನೆಯ ರಾತ್ರಿ ಆ ತಾಯಿ ಬಂದು ಕೂಸಿನ ಹಣೆಯ ಮೇಲೆ ಬರೆಯುತ್ತಾಳೆ. ಕೂಸು ಹುಟ್ಟಿದ ಜಾಗಕ್ಕೇ ಬರುತ್ತಾಳೆ. ಅಲ್ಲಿ ಇಲ್ಲದಿದ್ದರೆ ಹುಡುಕಿಕೊಂಡು ಹೋಗುವುದಿಲ್ಲ, ಬರೆಯದೆ ಹಿಂದಿರುಗುತ್ತಾಳೆ.

"ಬರೀದೇ ಹೋದ್ರೆ?"

"ಖಾಲಿ ಹಣಿ ಇಟ್ಕೊಂಡು ಹ್ಯಾಂಗ ಬದಕ್ತದ್ರಿ ಅದು?" ಸಾಬಮ್ಮ ಸಾರಿನ ಬಟ್ಟಲನ್ನು ತೆಗೆದುಕೊಂಡು, ಬಹಳ ಬಿಸಿಯಿದ್ದುದರಿಂದ, ಗಾಳಿ ಊದತೊಡಗಿದಳು.

ಅಷ್ಟು ಹೊತ್ತಿಗೆ ಚಾಂದ್ ಪಾಷಾ ಮತ್ತು ಅವನ ಹೆಂಡತಿ ಶಮೀಮ್ ಹಿತ್ತಲು ಖಾಲಿಯಾಯಿತೇ ಎಂದು ನೋಡಲು ಬಂದರು. ಚಾಂದ್ ಪಾಷಾ ಮೊದಲು ಗೋಡೆಯ ಮೇಲಿದ್ದ ಭಗವಂತರಾಯನನ್ನು ನೋಡಿದ, ಆಮೇಲೆ ಸೂರಿಲ್ಲದ ಕೋಣೆಯನ್ನು ನೋಡಿದ, ಒಳಗಿನಿಂದ ಮಗು ಅತ್ತಾಗ ಹಣೆಗೆ ಕೈ ಹಚ್ಚಿದ.

"ಅಕ್ಕಯಮ್ಮೋರೆ, ನಾನು ಮನೆ ತಗೊಂಡೆ ಅಂದ್ಕೊಂಡಿದ್ದೆ. ನೀವು ನಂಗೆ ಆಸ್ಪತ್ರೆ ಮಾರ್ತಾ ಇದ್ದೀರ."

"ಸುಮ್ನಿರಿ," ಎಂದು ಶಮೀಮ್ ಚಪ್ಪಲಿ ಬಿಟ್ಟು ಒಳಗೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ಅಕ್ಕಯಮ್ಮ ಹೊಸ್ತಿಲ ಹೊರಗೆ ಕುಳಿತು ಬೆಳ್ಳುಳ್ಳಿ ಸುಲಿಯತೊಡಗಿದಳು. ಒಳಗಿನ ಮಾತು ಕೇಳುತ್ತಿತ್ತು.

"ನಮ್ಮಲ್ಲಿ ನಲವತ್ತು ದಿನ, ಚಿಲ್ಲಾ ಅಂತೀವಿ," ಶಮೀಮ್ ಹೇಳುತ್ತಿದ್ದಳು. "ನನ್ನ ಅತ್ತೆ ನಲವತ್ತು ದಿನ ನನ್ನನ್ನ ಹೊಸ್ತಿಲು ದಾಟೋಕೆ ಬಿಡ್ಲಿಲ್ಲ. ನೀನು ಬರೀ ಒಂದು ರಾತ್ರಿ ಕೇಳ್ತಿದ್ದೀಯ. ನಿಮ್ಮ ಆ ತಾಯಿ ಏನೇನು ಬರೀತಾಳೆ?"

"ಉಣ್ಣೂದು, ಉಡೂದು, ಎಲ್ಲಿ ಇರೂದು, ಎಲ್ಲಾ."

"ನಾವು ಕೇಳ್ಕೋಬಹುದಾ?"

"ಕೇಳಿದ್ದೇ ಬರೀತಾಳಂತ ಇಲ್ರಿ. ನಾ ಒಂದು ಕೇಳಾಕಿ ಇದ್ದೀನಿ." ಸಾಬಮ್ಮ ಸ್ವಲ್ಪ ತಡೆದು ಹೇಳಿದಳು. "ನಮ್ಮವ್ವ ಊರಾಗ ಗೌಡರ ಹಿತ್ತಲದಾಗ ಇದ್ದಳು, ಅಲ್ಲೇ ನನ್ನ ಹಡದಳು. ನಾ ಅಮ್ಮಾರ ಹಿತ್ತಲದಾಗ ಇದನ್ನ ಹಡದೆ. ಗೌಡರೂ ಛಲೋ ಮಂದಿ, ಅಮ್ಮಾರಂತೂ ದೇವರು. ಆದ್ರ ಇದು ಹಿತ್ತಲದಾಗ ಇರಬಾರದು. ಬೀದಿಗಿ ಬಾಗಲ ಇರೋ ಮನಿ ಬರಿಯವ್ವ ಅಂತ ಕೇಳ್ತೀನಿ. ಸಣ್ಣದಿದ್ರೂ ನಡೀತದ."

ಅಕ್ಕಯಮ್ಮ ಬೆಳ್ಳುಳ್ಳಿಯ ಸಿಪ್ಪೆಯನ್ನು ಊದಿ ಹಾರಿಸಿದಳು. ಅವಳಿಗೆ ಬೇಸರವೇನೂ ಆಗಲಿಲ್ಲ, ಆ ಮಾತು ಪೂರ್ತಿ ಒಳಗಿಳಿಯಲೂ ಇಲ್ಲ. ಯಾವ ಮನೆಯಲ್ಲಾದರೂ ಅವಳಿಗೆ ಇಷ್ಟವಾಗುತ್ತಿದ್ದುದು ಹಿತ್ತಲೇ. ನೆರಳು, ಬಾವಿ, ಎಮ್ಮೆಯ ವಾಸನೆ ಎಲ್ಲ ಅಲ್ಲೇ ಇರುತ್ತಿದ್ದವು. ಬೀದಿಗೆ ಬಾಗಿಲಿದ್ದರೆ ಧೂಳು ಬರುತ್ತದೆ. ಕಳೆದ ವರ್ಷ ಅವಳು ಜಾರಿ ಬಿದ್ದು ಸೊಂಟ ಹಿಡಿದುಕೊಂಡು ಮಲಗಿದ್ದಾಗ ಈ ಹಿತ್ತಲಿನ ಬಾಗಿಲಿನಿಂದಲೇ ಸಾಬಮ್ಮ ದಿನಾ ಬಂದು ಅವಳನ್ನು ಎತ್ತಿ ಕೂರಿಸಿ, ಮೀಯಿಸಿ, ತಲೆ ಬಾಚಿ ಹೋಗುತ್ತಿದ್ದಳು. ಮಗಳು ಬಂದು ಅಳುತ್ತಿದ್ದಳು. ಸಾಬಮ್ಮ ಬಂದು ಎತ್ತುತ್ತಿದ್ದಳು. ಎರಡೂ ಬೇಕಾಗಿದ್ದವು. ಆದರೆ ಎದ್ದು ಕೂತದ್ದು ಎತ್ತಿದ್ದರಿಂದ.

ಶಮೀಮ್ ಹೊರಗೆ ಬಂದು ಗಂಡನಿಗೆ, "ಅವಳು ಅಲ್ಲೇ ಇರ್ತಾಳೆ," ಎಂದಳು.

"ಲೋನು?"

"ಇಂಜಿನಿಯರಿಗೂ ತಾಯಿ ಇರ್ತಾಳಲ್ಲ."

"ತಾಯಿ ಇರ್ತಾಳೆ ಸರಿ, ಅವ್ನ ಮೇಲೆ ಮ್ಯಾನೇಜರೂ ಇರ್ತಾನಲ್ಲಮ್ಮ," ಎಂದ ಚಾಂದ್ ಪಾಷಾ. ಆದರೂ ತಾನೇ ಏಣಿ ಹಿಡಿದು ಭಗವಂತರಾಯನನ್ನು ಕೆಳಗಿಳಿಸಿದ. ಉಳಿದ ಎರಡು ಶೀಟು ಸಾಬಮ್ಮನ ತಲೆಯ ಮೇಲೆ ಉಳಿದವು. ಮಿಕ್ಕ ಆಕಾಶಕ್ಕೆ ಹಳೆಯ ಸೀರೆ ಕಟ್ಟಿದರು.

ಮರುದಿನ ಬೆಳಿಗ್ಗೆ ಅಂಜನಮೂರ್ತಿ ಸ್ಕೂಟರ್ ನಿಲ್ಲಿಸಿ ಹಿತ್ತಲಿಗೆ ಬಂದ. ತೆಳ್ಳಗಿನ ಹುಡುಗ, ಹೊಸ ಕೆಲಸ, ಶರ್ಟಿನ ಜೇಬಿನಲ್ಲಿ ಪೆನ್ನು, ಕೊರಳಲ್ಲಿ ಕ್ಯಾಮೆರಾ. ಕೊಟ್ಟಿಗೆಯಿದ್ದ ಜಾಗ ನೋಡಿ ತಲೆಯಾಡಿಸಿದ. ಬಚ್ಚಲಿದ್ದ ಜಾಗ ನೋಡಿ ತಲೆಯಾಡಿಸಿದ. ಕೋಣೆಯ ಎದುರು ಬಂದಾಗ ತಲೆ ನಿಂತಿತು.

"ಏನಮ್ಮಾ ಇದು, ಹೊಸದಾಗಿ ಕಟ್ತಾ ಇದ್ದೀರ?"

"ಕಟ್ತಿಲ್ಲಪ್ಪ, ಕೆಡವ್ತಿದ್ದೀವಿ."

"ಗೋಡೆ ನಿಂತಿದೆ, ಶೀಟು ಪಕ್ಕದಲ್ಲಿ ಜೋಡ್ಸಿಟ್ಟಿದ್ದೀರ, ಏಣಿ ಇದೆ. ಫೋಟೋದಲ್ಲಿ ಇದು ಕಟ್ತಾ ಇರೋ ಮನೆ ಥರಾನೇ ಕಾಣೋದು." ಅವನು ನಿಜಕ್ಕೂ ನೊಂದುಕೊಂಡಂತಿತ್ತು. "ಮೊದಲಿದ್ದ ಹಾಗೇ ಬಿಟ್ಟಿದ್ರೆ ಹಳೇ ಶೆಡ್ಡು, ತೆಗೀತಾರೆ ಅಂತ ಬರೀತಿದ್ದೆ. ಸೂರು ತೆಗೀರಿ ಅಂತ ಯಾರು ಹೇಳಿದ್ದು?"

ಭಗವಂತರಾಯ ಸಪೋಟ ಮರದ ಕಡೆ ನೋಡಿದ. ಮೇಸ್ತ್ರಿಯ ವಿದ್ಯೆ ಮೇಲಕ್ಕೆ ಕಟ್ಟುವಾಗ ನಡೆಯುತ್ತಿತ್ತು. ಕೆಳಕ್ಕೆ ಕೆಡಹುವಾಗ ಅದೇ ತಿರುಗಿ ಹೊಡೆಯುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಒಳಗೆ ಮಗು ಅತ್ತಿತು. ಅಂಜನಮೂರ್ತಿ ಒಂದು ಹೆಜ್ಜೆ ಹಿಂದೆ ಸರಿದ.

"ಒಳಗೆ ಯಾರಿದ್ದಾರೆ?"

"ಬಾಣಂತಿ," ಎಂದಳು ಅಕ್ಕಯಮ್ಮ.

ಅವನು ಕ್ಯಾಮೆರಾದ ಕಣ್ಣಿಗೆ ಮುಚ್ಚಳ ಹಾಕಿದ. "ಲಿಂಗರಾಜಪುರದಲ್ಲಿ ಇನ್ನೊಂದು ಮನೆ ನೋಡೋದಿದೆ. ಸಾಯಂಕಾಲ ಇದೇ ದಾರೀಲಿ ವಾಪಸ್ ಬರ್ತೀನಿ. ಗೋಡೆ ಇರಬಾರದಮ್ಮ. ಇದ್ರೆ ಕಂಡಿದ್ದನ್ನ ಬರೀಬೇಕಾಗುತ್ತೆ. ಇನ್ನೊಂದು ಸಲ ಬರೋಕೆ ನಂಗೆ ಯುಗಾದಿ ಆದ್ಮೇಲೇನೇ ಆಗೋದು."

ಸ್ಕೂಟರಿನ ಸದ್ದು ಮೇನ್ ರೋಡು ಸೇರಿತು. ಭಗವಂತರಾಯ ನೆಲದ ಮೇಲೆ ಕುಳಿತಿದ್ದ. ಅಕ್ಕಯಮ್ಮ ಅವನ ತಲೆಯ ಮೇಲೆ ಕೈಯಿಟ್ಟು, "ಹೋಗ್ಲಿ ಬಿಡೋ," ಎಂದಳು. "ಎಮ್ಮೆ ಇಲ್ದೆ ಇಷ್ಟು ವರ್ಷ ಇದ್ದೆ. ಇನ್ನಷ್ಟು ದಿನ ಇರ್ತೀನಿ. ಆ ಶೀಟು ವಾಪಸ್ ಹಾಕು. ಬಾಣಂತಿ ತಲೆಗೆ ಬಿಸಿಲು ಬೀಳ್ಬಾರ್ದು."

ನಂದಗುಡಿಯ ಬಾವಿಯ ನೀರಿನ ರುಚಿ ಅವಳ ನಾಲಗೆಗೆ ಬಂದು ಹೋಯಿತು. ಆದರೂ ಹೇಳಿದ ಮಾತು ಹೇಳಿದ್ದೇ ಆಗಿತ್ತು, ಮತ್ತು ಅದನ್ನು ಹೇಳಿದ್ದು ಅವಳಿಗೆ ಹಗುರವೆನಿಸಿತು.

"ಅಮ್ಮಾರ," ಒಳಗಿನಿಂದ ಸಾಬಮ್ಮ ಕರೆದಳು. "ಗ್ವಾಡಿ ಕೆಡವ್ರಿ."

"ನೀನು ಸುಮ್ನೆ ಮಲಕ್ಕೋ."

"ಸೆಟಿಗೆವ್ವ ಗ್ವಾಡಿ ಕೇಳಂಗಿಲ್ರಿ. ಜಾಗ ಕೇಳ್ತಾಳ. ನಾ ಜಾಗ ಬಿಟ್ಟು ಏಳಂಗಿಲ್ಲ, ಅಷ್ಟೇ. ಸುತ್ತ ಏನಿದ್ದರೇನು, ಇಲ್ಲದಿದ್ದರೇನು."

ಅಕ್ಕಯಮ್ಮ ಒಳಗೆ ಹೋಗಿ ಅವಳ ಮುಖ ನೋಡಿದಳು. ಸಾಬಮ್ಮ ಮಂಚದ ಮೇಲೆ ಕಿವಿಗೆ ಬಟ್ಟೆ ಕಟ್ಟಿಕೊಂಡು, ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಅವಳು ದಾನ ಮಾಡುತ್ತಿರಲಿಲ್ಲ, ತ್ಯಾಗ ಮಾಡುತ್ತಿರಲಿಲ್ಲ. ತನಗೆ ಬೇಕಾದದ್ದು ಎಷ್ಟು, ಬೇಡವಾದದ್ದು ಎಷ್ಟು ಎಂಬುದನ್ನಷ್ಟೇ ಹೇಳುತ್ತಿದ್ದಳು.

"ಬಯಲಲ್ಲಿ ಕೂರಿಸೋಕಾಗುತ್ತಾ ನಿನ್ನ?" ಎಂದವಳು ಅಲ್ಲಿಯೇ ನಿಂತಳು. ತನ್ನ ಮದುವೆಯಲ್ಲಿ ಈ ಮನೆಯ ಮುಂದೆ ಹಾಕಿದ್ದ ಚಪ್ಪರ ತಿಂಗಳಾದರೂ ಹಾಗೇ ಇತ್ತು. ಗರಿ ಒಣಗಿ ಉದುರಿದವು, ಕೋಳಿಗಳು ಅದರ ಕೆಳಗೆ ಮಲಗಿದವು. ಯಾರೂ ಏನೂ ಕೇಳಿರಲಿಲ್ಲ. ಶುಭಕ್ಕೆ ಹಾಕಿದ ಚಪ್ಪರವನ್ನು ಯಾರು ಕೇಳುತ್ತಾರೆ?

"ಭಗವಂತು," ಅವಳು ಹೊರಗೆ ಬಂದು ಹೇಳಿದಳು, "ಎರಡು ತೆಂಗಿನ ಗರಿ ಇಳಿಸಿದ್ರೆ ಸಾಲದು, ಮರಾನೇ ಬೋಳಿಸು. ಹುಟ್ಟಿರೋದು ಹೆಣ್ಣು ಮಗು. ಚಪ್ಪರ ಹಾಕೋಣ."

ಗೋಡೆಗಳು ಸಿಮೆಂಟಿಲ್ಲದೆ, ಮಣ್ಣಿನಲ್ಲಿ ಇಟ್ಟಿಗೆ ಕೂರಿಸಿ ಕಟ್ಟಿದಂಥವು. ಭಗವಂತರಾಯ ಮತ್ತು ಮಾನಪ್ಪ ಹಾರೆ ಮುಟ್ಟಲಿಲ್ಲ; ಸದ್ದಾಗಬಾರದು, ಧೂಳೇಳಬಾರದು. ನೀರು ಚಿಮುಕಿಸಿ, ನೆನೆದ ಇಟ್ಟಿಗೆಯನ್ನು ಒಂದೊಂದೇ ಕೈಯಿಂದ ಬಿಡಿಸಿ ಹೊರಗೆ ಸಾಗಿಸಿದರು. ಅಂಗಡಿಯಿಂದ ಬಂದ ಚಾಂದ್ ಪಾಷಾ ಪ್ಯಾಂಟು ಮಡಚಿಕೊಂಡು ಸಾಲಿನಲ್ಲಿ ನಿಂತ. "ಕೊಂಡುಕೊಳ್ಳೋ ಮನೇನ ನಾನೇ ಕೆಡವ್ತಾ ಇದ್ದೀನಿ, ನಮ್ಮ ಓಣಿಯೋರು ನೋಡಿದ್ರೆ ಹುಚ್ಚಾಸ್ಪತ್ರೆಗೆ ಸೇರಿಸ್ತಾರೆ," ಎನ್ನುತ್ತ ಇಟ್ಟಿಗೆ ದಾಟಿಸಿದ. ಶಮೀಮ್ ಮಂಚದ ಪಕ್ಕ ಒದ್ದೆ ಸೀರೆ ಹಿಡಿದು ಧೂಳಿಗೆ ಅಡ್ಡ ನಿಂತಳು. ಗೋಡೆ ಮೊಣಕಾಲಿನಷ್ಟಾದಾಗ ಸಾಬಮ್ಮನಿಗೆ ಇಡೀ ಹಿತ್ತಲು ಕಂಡಿತು. ಈ ಮಂಚದ ಮೇಲೆ ಕುಳಿತು ಅವಳು ಇಷ್ಟು ದೂರ ಎಂದೂ ನೋಡಿರಲಿಲ್ಲ. ಪಕ್ಕದ ಮನೆಯ ಮಹಡಿಯ ಮೇಲೆ ಬಟ್ಟೆ ಒಣಗಿಸುತ್ತಿದ್ದ ಹೆಂಗಸು ಕ್ಲಿಪ್ಪು ಬಾಯಲ್ಲಿಟ್ಟುಕೊಂಡು ಹಾಗೆಯೇ ನಿಂತಿದ್ದಳು.

ಮಧ್ಯಾಹ್ನಕ್ಕೆ ನೆಲ ನೆಲವಾಯಿತು. ಮಂಚದ ಸುತ್ತ ನಾಲ್ಕು ಬಿದಿರು ನೆಟ್ಟರು, ಮೇಲೆ ಹಸಿ ಗರಿ ಹೊದಿಸಿದರು. ಬದಿಗಳಿಗೆ ಶಮೀಮ್ ಅಂಗಡಿಯಿಂದ ತರಿಸಿದ ಪರದೆ ಬಟ್ಟೆ ಕಟ್ಟಿದಳು. ಹಳದಿ ಬಟ್ಟೆ, ಮೇಲೆ ದೊಡ್ಡ ದೊಡ್ಡ ಗುಲಾಬಿ ಹೂವು. ಅಕ್ಕಯಮ್ಮ ಮಾವಿನೆಲೆ ಪೋಣಿಸಿದಳು.

ಅಂಜನಮೂರ್ತಿ ಬಂದಾಗ ಬಿಸಿಲು ಇಳಿದಿತ್ತು. ಅವನು ಚಪ್ಪರವನ್ನು ಒಂದು ಸುತ್ತು ಹಾಕಿ ನೋಡಿದ.

"ಇದೇನು?"

"ಚಪ್ಪರ," ಎಂದಳು ಅಕ್ಕಯಮ್ಮ. "ಇವತ್ತು ಐದನೇ ದಿನ."

ಅವನು ಬಿದಿರಿನ ಬುಡ ನೋಡಿದ. ಇಟ್ಟಿಗೆಯ ರಾಶಿ ನೋಡಿದ. ಒಳಗೆ ಮಗು ಚೀಪುತ್ತಿದ್ದ ಸದ್ದು ಕೇಳುತ್ತಿತ್ತು. "ಚಪ್ಪರಕ್ಕೆ ಪ್ಲಾನ್ ಬೇಡ," ಎಂದು ಅವನು ತನಗೆ ತಾನೇ ಹೇಳಿಕೊಂಡಂತೆ ಹೇಳಿ, ಖಾಲಿ ಹಿತ್ತಲಿನ ಫೋಟೋಗಳನ್ನು ತೆಗೆದ. ಚಪ್ಪರದ ಫೋಟೋವನ್ನೂ ಒಂದು ತೆಗೆದ. ಅದು ಬ್ಯಾಂಕಿಗಲ್ಲ ಎಂದ. ಸ್ಕೂಟರಿನ ಸೀಟಿನ ಮೇಲೆ ಕಾಗದವಿಟ್ಟು ಬರೆದು ಸಹಿ ಹಾಕಿದ. ಅಕ್ಕಯಮ್ಮ ಕೊಟ್ಟ ಕೊಬ್ಬರಿ ಬೆಲ್ಲದ ಉಂಡೆಯನ್ನು ಬಾಯಿಗೆ ಹಾಕಿಕೊಂಡು ಹೊರಡುವಷ್ಟರಲ್ಲಿ ಭಗವಂತರಾಯ ಅಡ್ಡ ಬಂದ.

"ಸಾರ್, ಆ ಪೆನ್ನು ಒಂದು ರಾತ್ರಿ ಕೊಡ್ತೀರೇನ್ರಿ? ಕೂಸಿನ ತಲಿ ಹತ್ರ ಇಡಬೇಕು. ನಮ್ಮ ಮನ್ಯಾಗ ಪೆನ್ನು ಇಲ್ಲ."

ಅಂಜನಮೂರ್ತಿಯ ಬಾಯಲ್ಲಿ ಉಂಡೆಯಿತ್ತು. ಪೆನ್ನು ಕೊಟ್ಟು, ಇಟ್ಟುಕೊಳ್ಳಿ ಎಂದು ಕೈಯಲ್ಲೇ ಹೇಳಿ ಹೋದ.

ಆ ರಾತ್ರಿ ಸೆಟಿಗೆವ್ವ ಬಂದಳೋ ಇಲ್ಲವೋ ಯಾರೂ ನೋಡಲಿಲ್ಲ. ಬೆಳಿಗ್ಗೆ ಕೂಸಿನ ಹಣೆ ಮೊದಲಿನಂತೆಯೇ ಕೆಂಪಗೆ, ಸುಕ್ಕಾಗಿ ಇತ್ತು. ಸಾಬಮ್ಮ ಅದನ್ನು ಬಹಳ ಹೊತ್ತು ನೋಡಿ, ಸಾಕೆನ್ನುವಂತೆ ತಲೆಯಾಡಿಸಿ, ಕೂಸನ್ನು ಎತ್ತಿಕೊಂಡು ತಾನಾಗಿಯೇ ದೊಡ್ಡ ಮನೆಯ ಹಾಲ್‌ಗೆ ನಡೆದು ಹೋದಳು.

ಸಾಲ ಮಂಜೂರಾಯಿತು. ಯುಗಾದಿಗೆ ಮುಂಚೆ ರಿಜಿಸ್ಟ್ರೇಷನ್ ಮುಗಿಯಿತು. ಕೀಲಿಕೈ ತೆಗೆದುಕೊಂಡ ಮೇಲೂ ಶಮೀಮ್ ಸಾಮಾನು ತರಲಿಲ್ಲ. ನಲವತ್ತು ದಿನ ಮುಗಿಯಲಿ, ನಮಗೇನೂ ಆತುರವಿಲ್ಲ ಎಂದಳು. ಚಾಂದ್ ಪಾಷಾ, ಆತುರ ಇರೋದು ನಮ್ಮ ಹಳೇ ಮನೆ ಓನರಿಗೆ ಎಂದು ಗೊಣಗಿ, ಮಗುವಿಗೆ ಅದೇ ಗುಲಾಬಿ ಹೂವಿನ ಬಟ್ಟೆಯಲ್ಲಿ ಕುಲಾವಿ ಹೊಲಿಸಿ ತಂದ. ಭಗವಂತರಾಯ ಸಂಜೆಗಳಲ್ಲಿ ರೂಮು ಹುಡುಕುತ್ತಿದ್ದ. ನಾಗವಾರದ ತನಕ ಹೋಗಿ ಬಂದಿದ್ದ. ಇನ್ನೂ ಸಿಕ್ಕಿರಲಿಲ್ಲ.

ಅಕ್ಕಯಮ್ಮನ ಟೆಂಪೋ ಬಂದ ದಿನ ಹಂಡೆ, ಒನಕೆ, ಮಂಚ, ಮುನಿಆಂಜನಪ್ಪನ ಫೋಟೋ ಎಲ್ಲ ಏರಿದವು. ನಂದಗುಡಿಯಲ್ಲಿ ಎರಡು ಎಮ್ಮೆಗಳನ್ನು ಆಗಲೇ ತಂದು ಕಟ್ಟಿಯಾಗಿತ್ತು. ಚಿಕ್ಕಮುನಿಯಪ್ಪನ ಹೆಂಡತಿ ಮೇವು ಹಾಕುತ್ತಿದ್ದಳು. ಸಾಬಮ್ಮ ಬಾಗಿಲಿಗೆ ಬಂದು, ಕೂಸನ್ನು ಅಕ್ಕಯಮ್ಮನ ಪಾದದ ಮೇಲೆ ಮಲಗಿಸಿ, ತಾನೂ ನೆಲಕ್ಕೆ ಹಣೆ ಹಚ್ಚಿದಳು. ಅಕ್ಕಯಮ್ಮ ಕೂಸನ್ನು ಎತ್ತಿಕೊಂಡಳು. ಅವಳ ಕೈಗೆ ಅದು ಅಷ್ಟರಲ್ಲೇ ಭಾರವಾಗಿತ್ತು.

"ನಿನ್ನಿಂದಾನೇ ನಾನು ಇವತ್ತು ಹೋಗ್ತಿರೋದು," ಎಂದಳು.

"ನಿಮ್ಮಿಂದನ ಇದು ಬದಕ್ಯಾದ್ರಿ," ಎಂದಳು ಸಾಬಮ್ಮ.

ಟೆಂಪೋದವನು ಹಗ್ಗ ಬಿಗಿಯುತ್ತಿದ್ದ.

"ನೀನೂ ಬಂದ್ಬಿಡಮ್ಮಿ," ಅಕ್ಕಯಮ್ಮ ಹೇಳಿದಳು. ರಾತ್ರಿಯೆಲ್ಲ ಯೋಚಿಸಿಟ್ಟುಕೊಂಡಿದ್ದ ಮಾತು. ಹೇಳುವಾಗ ಅವಳ ಮುಖ ಅರಳಿತು. "ಮೂರು ಜನಾನೂ ಬನ್ನಿ. ಎಮ್ಮೆ ಕೆಲಸಕ್ಕೆ ಅಂತ ಕರೀತಿಲ್ಲ, ಅದು ನಾನು ನೋಡ್ಕತೀನಿ. ಹಿತ್ತಲಲ್ಲಿ ಬೇಕಾದಷ್ಟು ಜಾಗ ಐತೆ. ಕೊಟ್ಟಿಗೆ ಪಕ್ಕದಲ್ಲಿ ನಿಂಗೇ ಅಂತ ರೂಮು ಕಟ್ಟಿಸ್ತೀನಿ. ಶೀಟಲ್ಲ, ಮೋಲ್ಡ್ ಹಾಕಿಸ್ತೀನಿ, ಪಂಚಾಯ್ತೀಲಿ ಕೇಳೇ ಕಟ್ಟಿಸ್ತೀನಿ. ಬಾಡಿಗೆ ಬ್ಯಾಡ, ಹಾಲು ನಿಂದೇ. ಬರ್ತೀಯ ತಾನೆ?"

ಸಾಬಮ್ಮ ಎರಡೂ ಕೈ ಚಾಚಿ ಕೂಸನ್ನು ವಾಪಸು ತೆಗೆದುಕೊಂಡು, ಅದರ ಹಣೆಯನ್ನು ಒಮ್ಮೆ ಸವರಿದಳು.

"ಬರಂಗಿಲ್ರಿ ಅಮ್ಮಾರ," ಎಂದಳು.